ಬ್ಲೂಟೂತ್ ಹಾಳಾಗಿಲ್ಲ ಮಾರಾಯ್ರೆ, ಇನ್ಯಾರೋ ಹಿಡ್ಕೊಂಡಿದಾರೆ

ಹೋದ ವರ್ಷ ಅಡಿಕೆ ಸುಲಿಯೋ ಟೈಮಲ್ಲಿ ಆಗಿದ್ದು ಇದು. ರಾತ್ರಿ ಎಂಟೂವರೆ ಇರ್ಬಹುದು, ತೀರ್ಥಹಳ್ಳಿ ಕಡೆ ನಮ್ಮನೆ ಅಂಗಳದ ಚಪ್ಪರದಲ್ಲಿ ಹತ್ತನ್ನೆರಡು ಜನ ಮೆಟ್ಟುಗತ್ತಿ ಮುಂದೆ ಕೂತಿದ್ರು, ಹಿಂದ್ಗಡೆ ಹಂಡೆಲಿ ಅಡಿಕೆ ಬೇಯ್ತಾ ಇತ್ತು, ಚಪ್ಪರದ ಕಂಬಕ್ಕೆ ನೇತಾಕಿದ್ದ ಸಣ್ಣ ಸ್ಪೀಕರಲ್ಲಿ ಅಪ್ಪಯ್ಯನ ಫೋನಿಂದ ಯಕ್ಷಗಾನ ಬರ್ತಾ ಇತ್ತು. ಒಲೆಗೆ ಸೌದೆ ತಳ್ಳೋಕೆ ಅಂತ ಅಪ್ಪಯ್ಯ ಫೋನು ಜೇಬಲ್ಲಿ ಇಟ್ಕೊಂಡೇ ಮನೆ ಹಿಂದಕ್ಕೆ ಹೋದ್ರು. ಭಾಗವತ್ರು ಏರುಪದ್ಯ ಎತ್ತಿದ್ದು ಅಲ್ಲಿಗೇ ಕಡಿದು ಹೋಯ್ತು. ಒಂದು ನಿಮಿಷ ಸುಮ್ನೆ. ಆಮೇಲೆ ಅದೇ ಸ್ಪೀಕರಿಂದ ಢಂ ಢಂ ಢಂ ಅಂತ ಬಂದೂಕಿನ ಸದ್ದು, ಸುಲಿಯೋಕೆ ಬಂದಿದ್ದ ಅಜ್ಜಿಯೊಬ್ರು ಕತ್ತಿ ಬಿಟ್ಟು ಎದ್ದೇ ನಿಂತ್ರು.

"ಎಂತ ಆತಾ ಇದಕ್ಕೆ, ಹಾಳಾಯ್ತು ಕಾಣ್ಸುತ್ತೆ, ನಾಳೆ ಶಿವಮೊಗ್ಗಕ್ಕೆ ಹೋದಾಗ ಬೇರೆ ತಗಂಬಾ" ಅಂದ್ರು ಅಪ್ಪಯ್ಯ.

ಹಾಳಾಗಿರ್ಲಿಲ್ಲ. ರಜಕ್ಕೆ ಬಂದಿದ್ದ ಅಣ್ಣನ ಮಗ ಮಾಳಿಗೆ ಮೇಲೆ ಗೇಮ್ ಆಡೋಕೆ ಕೂತಿದ್ದ, ತನ್ನ ಇಯರ್‌ಬಡ್‌ಗೆ ಅಂತ ಆಗಷ್ಟೇ ಬ್ಲೂಟೂತ್ ಆನ್ ಮಾಡಿದ್ದ, ಅವನ ಫೋನಿಗೆ ಈ ಸ್ಪೀಕರು ಮೊದ್ಲೇ ಪರಿಚಯ, ಅಪ್ಪಯ್ಯನ ಫೋನ್ ಕೈಬಿಟ್ಟ ತಕ್ಷಣ ಅದು ಹೋಗಿ ಹಿಡ್ಕೊಂಡಿದೆ ಅಷ್ಟೇ.

ನಾನು ಅಂಗಡಿಯವನಲ್ಲ, ಆದ್ರೆ ನೆಂಟರ ಮನೆಗೆ ಹೋದ್ರೆ ಕಾಫಿ ಲೋಟದ ಜೊತೆಗೇ ಒಂದು ಫೋನೋ ಇಯರ್‌ಬಡ್ಡೋ ಕೈಗೆ ಬರುತ್ತೆ, "ಇದೊಂಚೂರು ನೋಡಾ" ಅಂತ. ಹಂಗೆ ನೋಡಿದ್ರಲ್ಲಿ ನಿಜವಾಗಿ ಕೆಟ್ಟಿದ್ದು ತೀರಾ ಕಮ್ಮಿ. ಹೆಚ್ಚಿನವು ಈ ಚಪ್ಪರದ ಕೇಸೇ. ಅದಕ್ಕೆ ಒಂದ್ಸಲ ಪೂರ್ತಿ ಬರ್ದು ಇಡ್ತೀನಿ, ಮುಂದಿನ ಸಲ ಯಾರಾದ್ರೂ ಕೇಳಿದ್ರೆ ಇದನ್ನೇ ಕಳ್ಸಿ ಕಾಫಿ ಆರೋಕೆ ಮುಂಚೆ ಕುಡಿಬಹುದು.

ಮೊದ್ಲು ಇದೊಂದು ತಲೇಲಿ ಇರ್ಲಿ: ಪೇರ್ ಬೇರೆ, ಕನೆಕ್ಟ್ ಬೇರೆ

ಪೇರಿಂಗ್ ಅಂದ್ರೆ ಪರಿಚಯ. ಎರಡು ಡಿವೈಸ್ ಒಂದಕ್ಕೊಂದು ಗುರ್ತು ಹೇಳ್ಕೊಂಡು, ಗುಟ್ಟಿನ ಕೀ ಒಂದನ್ನ ಹಂಚ್ಕೊಂಡು, ಎರಡೂ ನೆನಪಿಟ್ಕೊಳ್ತವೆ. ಇದು ಒಂದ್ಸಲ ಮಾಡಿದ್ರೆ ಸಾಕು. ಕನೆಕ್ಟ್ ಅಂದ್ರೆ ಈಗ ಈ ಕ್ಷಣ ಮಾತಾಡ್ತಾ ಇರೋದು. ನಿಮ್ಮ ಸ್ಪೀಕರಿಗೆ ಮನೆಯ ಐದು ಫೋನೂ ಪರಿಚಯ ಇರ್ಬಹುದು, ಆದ್ರೆ ಸಾಮಾನ್ಯವಾಗಿ ಮಾತಾಡೋದು ಒಂದರ ಜೊತೆ. ಆನ್ ಮಾಡಿದ ಕೂಡ್ಲೇ ಹೆಚ್ಚಿನ ಸ್ಪೀಕರು, ಇಯರ್‌ಬಡ್ಡು ಎಲ್ಲ ಕೊನೆಗೆ ಯಾರ ಜೊತೆ ಇತ್ತೋ ಅವರನ್ನೇ ಮೊದ್ಲು ಹುಡುಕ್ತವೆ. ಆ ಫೋನು ಪಕ್ಕದ ರೂಮಲ್ಲಿ ಚಾರ್ಜಿಗೆ ಹಾಕಿದ್ರೂ ಸಾಕು, ಹೋಗಿ ಅಲ್ಲಿಗೇ ಅಂಟ್ಕೊಳ್ಳುತ್ತೆ, ನೀವು ಇಲ್ಲಿ "ಕನೆಕ್ಟ್ ಆಗ್ತಿಲ್ಲ" ಅಂತ ಸ್ಕ್ರೀನ್ ಕುಟ್ತಾ ಇರ್ತೀರಿ.

ಇನ್ನೊಂದು ಪ್ರಶ್ನೆ ನಮ್ಮ ಕಡೆಯವ್ರು ತುಂಬ ಕೇಳ್ತಾರೆ, "ನಮ್ಮಲ್ಲಿ ಟವರ್ರೇ ಇಲ್ಲ, ಬ್ಲೂಟೂತ್ ಬರುತ್ತಾ?" ಬರುತ್ತೆ. ಇದಕ್ಕೂ ನೆಟ್‌ವರ್ಕಿಗೂ ಸಂಬಂಧ ಇಲ್ಲ, ಸಿಮ್ಮೇ ಇಲ್ದಿರೋ ಫೋನಲ್ಲೂ ನಡೆಯುತ್ತೆ. ಫೋನಿಗೂ ಸ್ಪೀಕರಿಗೂ ನಡುವೆ ನೇರ ರೇಡಿಯೋ ಅಲೆ ಅಷ್ಟೇ, 2.4 ಗಿಗಾಹರ್ಟ್ಸ್ ಅಂತಾರಲ್ಲ ಆ ಅಲೆಗಳ ಪಟ್ಟಿಯಲ್ಲಿ, ಅಂದ್ರೆ ಬ್ಯಾಂಡಲ್ಲಿ. ಸ್ಪೀಕರಲ್ಲಿ ಹಾಡು ನಿಂತ್ರೆ ಮೊದ್ಲು ಫೋನಿಗೆ ಡೌನ್‌ಲೋಡ್ ಮಾಡಿಟ್ಟ ಹಾಡೊಂದನ್ನ ಹಾಕಿ ನೋಡಿ. ಅದು ಚೆನ್ನಾಗಿ ಬಂದ್ರೆ ತಪ್ಪು ಬ್ಲೂಟೂತಿಂದಲ್ಲ, ನೆಟ್‌ವರ್ಕಿಂದು. ಆಗುಂಬೆ ಘಾಟಿ ಇಳಿಯುವಾಗ ಕಾರಲ್ಲಿ ಹಾಡು ನಿಂತೋದ್ರೆ ಸ್ಟೀರಿಯೋಗೆ ಬೈಬೇಡಿ ಅಂತ ಇದರ ಅರ್ಥ.

ಪೇರ್ ಮಾಡೋದು, ನಿಧಾನಕ್ಕೆ

1. ಎರಡೂ ಕಡೆ ಚಾರ್ಜ್ ಇರ್ಲಿ. ಸಣ್ಣ ಮಾತು ಅನ್ಸುತ್ತೆ, ಆದ್ರೆ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ದೆ ಸತ್ತು ಮಲಗಿದ್ದ ಸ್ಪೀಕರನ್ನ ಹತ್ತು ನಿಮಿಷ ಚಾರ್ಜಿಗೆ ಹಾಕಿ ಪೇರ್ ಮಾಡೋಕೆ ಹೋದ್ರೆ ಅದು ಅರ್ಧದಲ್ಲಿ ಆಫ್ ಆಗಿ ಎಲ್ಲಾ ಗೊಂದಲ ಆಗುತ್ತೆ.

2. ಸುತ್ತ ಇರೋ ಬೇರೆ ಫೋನುಗಳ ಬ್ಲೂಟೂತ್ ಆಫ್ ಮಾಡ್ಸಿ. ಇದು ನನ್ನ ಸ್ವಂತ ಸ್ಟೆಪ್ಪು, ಯಾವ ಮ್ಯಾನ್ಯುವಲ್ಲಲ್ಲೂ ಹಿಂಗೆ ಬರ್ದಿದ್ದು ನಾನು ನೋಡಿಲ್ಲ, ಆದ್ರೆ ಅರ್ಧ ತಲೆನೋವು ಇದೊಂದರಲ್ಲೇ ಹೋಗುತ್ತೆ.

3. ಸ್ಪೀಕರನ್ನ ಪೇರಿಂಗ್ ಮೋಡಿಗೆ ತನ್ನಿ. ಬರೀ ಆನ್ ಮಾಡೋದು ಬೇರೆ, ಪೇರಿಂಗ್ ಮೋಡ್ ಬೇರೆ, ಇಲ್ಲೇ ಜನ ಎಡವೋದು. ಆನ್ ಮಾಡಿದ್ರೆ ಅದು ಹಳೆ ಪರಿಚಯದವ್ರನ್ನ ಹುಡುಕುತ್ತೆ, ಹೊಸಬ್ರಿಗೆ ಬಾಗ್ಲು ತೆಗೆಯಲ್ಲ. ಬ್ಲೂಟೂತ್ ಗುರ್ತು ಇರೋ ಬಟನ್ ಇದ್ರೆ ಅದನ್ನ, ಇಲ್ಲ ಅಂದ್ರೆ ಪವರ್ ಬಟನ್ನೇ, ಲೈಟು ಬೇಗ ಬೇಗ ಮಿಣುಕೋ ತನಕ ಒತ್ತಿ ಹಿಡೀರಿ. ಕೆಲವು ಬಾಯಿಬಿಟ್ಟೇ "ಪೇರಿಂಗ್" ಅಂತ ಹೇಳ್ತವೆ. ಇಯರ್‌ಬಡ್ ಆದ್ರೆ ಎರಡನ್ನೂ ಡಬ್ಬಿಗೆ ಹಾಕಿ, ಮುಚ್ಚಳ ತೆಗ್ದು, ಡಬ್ಬಿ ಮೇಲಿನ ಬಟನ್ ಒತ್ತಿ ಹಿಡಿಯೋದು ಸಾಮಾನ್ಯ, ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ, ಪೆಟ್ಟಿಗೆಯೊಳಗಿನ ಚೀಟಿ ಬಿಸಾಕ್ಬೇಡಿ.

4. ಫೋನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಆಂಡ್ರಾಯ್ಡಲ್ಲಿ ಕನೆಕ್ಟೆಡ್ ಡಿವೈಸಸ್ ಒಳಗೆ ಪೇರ್ ನ್ಯೂ ಡಿವೈಸ್ ಅಂತ ಇರುತ್ತೆ, ಕೆಲವು ಫೋನಲ್ಲಿ ಬ್ಲೂಟೂತ್ ಅಂತಲೇ ಮೊದಲ ಪುಟದಲ್ಲಿ ಸಿಗುತ್ತೆ. ಐಫೋನಲ್ಲಿ ಸೆಟ್ಟಿಂಗ್ಸ್, ಬ್ಲೂಟೂತ್. ಆ ಪುಟ ತೆಗ್ದು ಹಂಗೇ ಇಟ್ಕೊಳಿ, ಮುಚ್ಚಬೇಡಿ. ಆ ಪುಟ ತೆಗ್ದಿರುವಷ್ಟು ಹೊತ್ತು ಫೋನ್ ಹುಡುಕುತ್ತೆ. ಹೆಸ್ರು ಬಂದ್ಮೇಲೆ ಒತ್ತಿ, ಫೋನ್ ಫೋನಿಗೆ ಪೇರ್ ಮಾಡ್ತಿದ್ರೆ ಎರಡೂ ಕಡೆ ಒಂದೇ ಆರಂಕಿ ನಂಬರ್ ಇದ್ಯಾ ನೋಡಿ ಓಕೆ ಕೊಡಿ. ಹಳೆ ಕಾಲದ ಡಿವೈಸ್ ಪಿನ್ ಕೇಳಿದ್ರೆ 0000 ಅಥವಾ 1234 ಹಾಕಿ ನೋಡಿ, ಹೆಚ್ಚಿನವು ಇವೆರಡರಲ್ಲಿ ಒಂದಕ್ಕೆ ಒಪ್ಪುತ್ತೆ.

5. ಪೇರ್ ಮಾಡುವಾಗ "ಕಾಂಟ್ಯಾಕ್ಟ್ಸು, ಕಾಲ್ ಹಿಸ್ಟರಿ ನೋಡೋಕೆ ಬಿಡ್ಲಾ" ಅಂತ ಒಂದು ಟಿಕ್ ಬರ್ಬಹುದು. ಸ್ವಂತ ಕಾರಿಗೆ ಕೊಡಿ, ಬೇಕಾಗುತ್ತೆ. ಸ್ಪೀಕರಿಗೆ ನಿಮ್ಮ ಅತ್ತೆ ಮನೆ ನಂಬರ್ ಎಂತಕ್ಕೆ?

ಸ್ಮಾರ್ಟ್‌ವಾಚ್ ಮಾತ್ರ ಈ ದಾರಿಲಿ ಹೋಗ್ಬೇಡಿ. ಅದನ್ನ ಸಾಮಾನ್ಯವಾಗಿ ಆ ಕಂಪನಿ ಆ್ಯಪ್ ಒಳಗಿಂದಲೇ ಸೇರಿಸ್ಬೇಕು, ಸೆಟ್ಟಿಂಗ್ಸಿಂದ ನೇರ ಪೇರ್ ಮಾಡಿದ್ರೆ ಆ್ಯಪಲ್ಲಿ "ಡಿವೈಸ್ ಸಿಗ್ತಿಲ್ಲ" ಅಂತ ಬರುತ್ತೆ, ಅತ್ತಿಗೆ ವಾಚಿಗೆ ಒಂದು ಭಾನುವಾರ ಪೂರ್ತಿ ಹಾಳು ಮಾಡ್ಕೊಂಡು ಕಲ್ತಿದ್ದು ಇದು. ಆ್ಯಪ್ ಆಂಡ್ರಾಯ್ಡ್ 12ರಿಂದ ಈಚೆಗೆ ನಿಯರ್‌ಬೈ ಡಿವೈಸಸ್ ಅಂತ ಪರ್ಮಿಷನ್ ಕೇಳುತ್ತೆ, ಅದಕ್ಕಿಂತ ಹಳೆ ಆಂಡ್ರಾಯ್ಡಲ್ಲಿ ಲೊಕೇಶನ್ ಕೇಳುತ್ತೆ. ವಾಚಿಗೆ ಲೊಕೇಶನ್ ಎಂತಕ್ಕೆ ಅಂತ ಡೌಟ್ ಬರೋದು ಸರಿನೇ, ಆದ್ರೆ ಸುತ್ತ ಇರೋ ಬ್ಲೂಟೂತ್ ಡಿವೈಸ್ ನೋಡಿ ನೀವೆಲ್ಲಿದೀರಿ ಅಂತ ಊಹೆ ಮಾಡ್ಬಹುದು ಅನ್ನೋ ಕಾರಣಕ್ಕೇ ಹಂಗೆ ಇಟ್ಟಿದ್ರು, ಕೊಡ್ದಿದ್ರೆ ಹುಡುಕೋಕೇ ಆಗಲ್ಲ.

ಆಗ್ತಿಲ್ವಾ? ಈ ಆರ್ಡರಲ್ಲೇ ನೋಡಿ

ಮೊದ್ಲು, ಯಾರು ಹಿಡ್ಕೊಂಡಿದಾರೆ ಪತ್ತೆ ಮಾಡಿ. ಸ್ಪೀಕರಿನ ಲೈಟು ಮಿಣುಕದೆ ಸ್ಥಿರವಾಗಿ ನಿಂತಿದ್ರೆ ಅದು ಯಾವುದೋ ಫೋನಿನ ಜೊತೆ ಇದೆ ಅಂತ ಹೆಚ್ಚಿನ ಡಿವೈಸಲ್ಲಿ ಅರ್ಥ. ಮಕ್ಕಳ ಟ್ಯಾಬು, ಹಳೆ ಫೋನು, ಲ್ಯಾಪ್‌ಟಾಪು, ಟಿವಿ, ಎಲ್ಲಾ ನೋಡಿ. ಟಿವಿ ಯಾರಿಗೂ ನೆನಪಿಗೆ ಬರಲ್ಲ.

ಎರಡನೇದು, ಕನೆಕ್ಟ್ ಆಗಿದೆ ಆದ್ರೆ ಸದ್ದಿಲ್ಲ ಅಂದ್ರೆ, ಆಂಡ್ರಾಯ್ಡ್ ಫೋನಿನ ಲಿಸ್ಟಲ್ಲಿ ಆ ಹೆಸರಿನ ಪಕ್ಕದ ಹಲ್ಲುಚಕ್ರದ ಗುರ್ತು ಒತ್ತಿ ಒಳಗೆ ಹೋಗಿ. ಅಲ್ಲಿ ಕಾಲ್ಸ್, ಮೀಡಿಯಾ ಅಂತ ಬೇರೆ ಬೇರೆ ಸ್ವಿಚ್ ಇರುತ್ತೆ, ಮೀಡಿಯಾ ಆಫ್ ಆಗಿದ್ರೆ ಫೋನ್ ಕರೆ ಬರುತ್ತೆ ಹಾಡು ಬರಲ್ಲ. ಹಾಗೇ ಸ್ಪೀಕರಿನ ಸ್ವಂತ ವಾಲ್ಯೂಮ್ ಬಟನ್ನೂ ನೋಡಿ.

ಮೂರನೇದು, ಫರ್ಗೆಟ್. ಫೋನಲ್ಲಿ ಫರ್ಗೆಟ್ ಅಥವಾ ಅನ್‌ಪೇರ್ ಅಂತ ಇರುತ್ತೆ, ಒತ್ತಿ ಅಳಿಸಿ. ಆದ್ರೆ ಗಮನಿಸಿ, ಇದು ಒಂದು ಕಡೆಯ ಮರೆವು. ಸ್ಪೀಕರಿಗೆ ನಿಮ್ಮ ಫೋನ್ ಇನ್ನೂ ನೆನಪಿರುತ್ತೆ. ಹಳೆ ಕೀ ಒಂದ್ಕಡೆ, ಹೊಸ ಕೀ ಇನ್ನೊಂದ್ಕಡೆ ಆಗಿ ಜಗಳ ಬಿದ್ರೆ ಎಷ್ಟು ಸಲ ಒತ್ತಿದ್ರೂ "ಪೇರ್ ಮಾಡಲಾಗಲಿಲ್ಲ" ಅಂತಲೇ ಬರುತ್ತೆ. ಹಂಗಾಗಿ ಸ್ಪೀಕರನ್ನೂ ರಿಸೆಟ್ ಮಾಡಿ, ಎರಡೂ ಮರೀಲಿ, ಮತ್ತೆ ಹೊಸದಾಗಿ ಪರಿಚಯ ಮಾಡ್ಸಿ. ಹತ್ತರಲ್ಲಿ ಎಂಟು ಕೇಸು ನನ್ನ ಕೈಲಿ ಇಲ್ಲಿಗೇ ಮುಗಿದಿದೆ.

ಇಷ್ಟಕ್ಕೂ ಆಗ್ಲಿಲ್ಲ ಅಂದ್ರೆ ಫೋನ್ ಆಫ್ ಮಾಡಿ ಆನ್ ಮಾಡಿ. ಅದಕ್ಕೂ ಜಗ್ಗದಿದ್ರೆ ಆಂಡ್ರಾಯ್ಡಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಸೆಟ್ ಆಪ್ಷನ್ಸಲ್ಲಿ ಬ್ಲೂಟೂತ್ ವೈಫೈ ರಿಸೆಟ್ ಇದೆ, ಫೋಟೋ ಗೀಟೋ ಏನೂ ಹೋಗಲ್ಲ, ಆದ್ರೆ ಮನೆ ವೈಫೈ ಪಾಸ್‌ವರ್ಡ್ ಮತ್ತೆ ಹಾಕ್ಬೇಕು, ಅದು ಗೊತ್ತಿದ್ರೆ ಮಾತ್ರ ಕೈ ಹಾಕಿ.

ಸದ್ದು ಕಡಿದು ಕಡಿದು ಬರ್ತಿದ್ಯಾ, ಗೋಡೆ ನೋಡಿ

ಸಾಮಾನ್ಯ ಫೋನು, ಇಯರ್‌ಬಡ್‌ಗಳಿಗೆ ಹತ್ತು ಮೀಟರ್ ಅಂತ ಲೆಕ್ಕ, ಅದು ಅಡ್ಡ ಏನೂ ಇಲ್ದಿರೋ ಬಯಲಲ್ಲಿ. ಶಿವಮೊಗ್ಗದಲ್ಲಿ ಈಗ ಕಟ್ಟೋ ತೆಳು ಗೋಡೆ ಮನೇಲಿ ಹಾಲಿಂದ ರೂಮಿಗೆ ಆರಾಮಾಗಿ ಬರುತ್ತೆ. ನಮ್ಮ ಕಡೆ ಹಳೆ ಹಂಚಿನ ಮನೆ ಜಂಬಿಟ್ಟಿಗೆ ಗೋಡೆ ಒಂದೂವರೆ ಎರಡು ಅಡಿ ದಪ್ಪ ಇರುತ್ತೆ, ಜಗಲಿಂದ ನಡುಮನೆ ದಾಟೋದ್ರೊಳಗೆ ಉಸಿರು ಕಟ್ಟುತ್ತೆ. ಈ ಅಲೆಗೆ ನೀರು ಅಂದ್ರೆ ಆಗಲ್ಲ, ಹೀರ್ಕೊಂಡು ಬಿಡುತ್ತೆ. ನಮ್ಮ ಮೈಯಲ್ಲಿ ಇರೋದೇ ಹೆಚ್ಚು ನೀರು, ಅದಕ್ಕೇ ಫೋನು ಪ್ಯಾಂಟಿನ ಹಿಂದಿನ ಜೇಬಲ್ಲಿದ್ರೆ ತೋಟದಲ್ಲಿ ಬಗ್ಗಿ ಕೆಲ್ಸ ಮಾಡುವಾಗ ಒಂದು ಕಿವಿ ಕಟ್ ಕಟ್ ಅನ್ನುತ್ತೆ. ಅಂಗಿ ಜೇಬಿಗೆ ಹಾಕಿ ನೋಡಿ, ಸರಿಯಾಗುತ್ತೆ.

ಚಪ್ಪರದ ಕಥೆಗೂ ಇದೇ ಕಾರಣ, ನಡುವೆ ಎರಡು ಗೋಡೆ, ಮೇಲಿಂದ ಬೆನ್ನು ತಿರುಗ್ಸಿ ಒಲೆ ಮುಂದೆ ಕೂತ ಅಪ್ಪಯ್ಯ. ಆವತ್ತಿಂದ ಫೋನು ಜೇಬಲ್ಲಲ್ಲ, ಸ್ಪೀಕರಿನ ಪಕ್ಕವೇ ಗೂಟಕ್ಕೆ ಒಂದು ಬಟ್ಟೆ ಚೀಲದಲ್ಲಿ.

ಇನ್ನೊಂದು ವೈಫೈ. ಹಳೆ ರೂಟರು ಇದೇ 2.4 ಗಿಗಾಹರ್ಟ್ಸಲ್ಲೇ ಕೂಗ್ತಾ ಇರುತ್ತೆ, ಮೈಕ್ರೋವೇವ್ ಒಲೆನೂ ಅದೇ ಪಟ್ಟಿ. ಅಷ್ಟು ಗಲಾಟೆಯೊಳಗೂ ಬ್ಲೂಟೂತ್ ಹೆಂಗೆ ನಡೆಯುತ್ತೆ ಅನ್ನೋದು ನಂಗೆ ಬಹಳ ಇಷ್ಟದ ವಿಷ್ಯ. ಮಳೆಗಾಲದಲ್ಲಿ ಹಳ್ಳ ದಾಟುವಾಗ ಕಲ್ಲಿಂದ ಕಲ್ಲಿಗೆ ಹಾರ್ತೀವಲ್ಲ, ಹಂಗೆ ಇದು ಹಾರುತ್ತೆ, 79 ಕಲ್ಲು ಅಂದ್ರೆ 79 ಚಾನೆಲ್, ಸೆಕೆಂಡಿಗೆ 1600 ಸಲ. ಮುಂದಿನ ಕಲ್ಲು ಯಾವುದು ಅಂತ ಫೋನಿಗೂ ಸ್ಪೀಕರಿಗೂ ಮೊದ್ಲೇ ಮಾತಾಗಿರುತ್ತೆ. ಯಾವ ಕಲ್ಲು ಮುಳುಗಿದೆ ಅಂದ್ರೆ ಎಲ್ಲಿ ವೈಫೈ ಗಲಾಟೆ ಜಾಸ್ತಿ ಅಂತ ಗೊತ್ತಾದ್ರೆ ಅದನ್ನ ಬಿಟ್ಟು ಉಳಿದವುಗಳ ಮೇಲೆ ಹಾರುತ್ತೆ. ಇದು ಹಾಡು ಹಾಕೋ ಹಳೆ ಮಾದರಿ ಬ್ಲೂಟೂತಿನ ಲೆಕ್ಕ, ವಾಚಿನಂಥ ಕಮ್ಮಿ ಬ್ಯಾಟ್ರಿ ಡಿವೈಸಿಗೆ ಅಂತ 2010ರಲ್ಲಿ ಬಂದ ಬ್ಲೂಟೂತ್ 4.0 ವರ್ಷನ್ನಿನ ಲೋ ಎನರ್ಜಿ ಅನ್ನೋ ಮಾದರಿಯಲ್ಲಿ 40 ಚಾನೆಲ್. ನಿಮ್ಮ ಪಾಲಿನ ಕೆಲ್ಸ ಇಷ್ಟೇ, ರೂಟರ್ ಮೇಲೇ ಸ್ಪೀಕರ್ ಇಡ್ಬೇಡಿ, ರೂಟರಲ್ಲಿ 5 ಗಿಗಾಹರ್ಟ್ಸ್ ಇದ್ರೆ ಫೋನ್ ಲ್ಯಾಪ್‌ಟಾಪ್ ಎಲ್ಲಾ ಅದಕ್ಕೆ ಸೇರಿಸಿ.

(ಹೆಸ್ರಿನ ಕಥೆ ಗೊತ್ತಾ? ಹತ್ತನೇ ಶತಮಾನದ ಡೆನ್ಮಾರ್ಕಿನ ರಾಜ ಹರಾಲ್ಡನ ಅಡ್ಡಹೆಸ್ರು, ನೀಲಿ ಹಲ್ಲು. ಸ್ವೀಡನ್ನಿನ ಎರಿಕ್ಸನ್ ಕಂಪನಿಲಿ 1994ರಲ್ಲಿ ಶುರುವಾದ ಕೆಲ್ಸ ಇದು, ಆಮೇಲೆ ಬೇರೆ ಬೇರೆ ಕಂಪನಿಯವ್ರು ಸೇರಿದಾಗ, ಹರಿದು ಹಂಚಿಹೋಗಿದ್ದ ಜನರನ್ನ ಒಟ್ಟು ಮಾಡಿದ ರಾಜನ ಹೆಸ್ರು ಇರ್ಲಿ ಅಂತ ಇಂಟೆಲ್‌ನ ಜಿಮ್ ಕಾರ್ಡಾಕ್ ಸದ್ಯಕ್ಕೆ ಅಂತ ಸೂಚಿಸಿದ್ದು, ಅದೇ ಕಾಯಮ್ಮಾಯ್ತು. ಬ್ಲೂಟೂತಿನ ಆ ಲೋಗೋ ಅವನ ಹೆಸ್ರಿನ ಎರಡು ಅಕ್ಷರಗಳನ್ನ ಆ ಕಡೆಯ ಹಳೆ ರೂನ್ ಲಿಪೀಲಿ ಒಂದರ ಮೇಲೊಂದು ಬರ್ದಿದ್ದು.)

ಲ್ಯಾಪ್‌ಟಾಪಲ್ಲಿ ಮೀಟಿಂಗ್ ಇರೋರಿಗೆ

ಊರಿಂದ್ಲೇ ಕೆಲ್ಸ ಮಾಡೋರು ಈಗ ಸುಮಾರು ಜನ ಇದಾರೆ, ಅವ್ರ ದೂರು ಒಂದೇ, "ಹಾಡು ಕೇಳುವಾಗ ಸೂಪರ್, ಮೀಟಿಂಗ್ ಶುರುವಾದ ಕೂಡ್ಲೇ ಡಬ್ಬದೊಳಗಿಂದ ಮಾತಾಡ್ದಂಗೆ ಕೇಳುತ್ತೆ." ಇಯರ್‌ಬಡ್ ಕೆಟ್ಟಿಲ್ಲ. ಹಾಡಿಗೆ ಒಂದು ದಾರಿ, ಕರೆಗೆ ಇನ್ನೊಂದು ದಾರಿ ಅಂತ ಬ್ಲೂಟೂತಲ್ಲಿ ಬೇರೆ ಬೇರೆ ಇದೆ. ಮೈಕ್ ಆನ್ ಆದ ಕ್ಷಣ ಅದು ಕರೆಯ ದಾರಿಗೆ ಹೊರಳುತ್ತೆ, ಅಲ್ಲಿ ಎರಡೂ ಕಡೆಯ ಮಾತು ಹೋಗ್ಬೇಕಲ್ಲ, ಅದಕ್ಕೆ ಕ್ವಾಲಿಟಿ ಇಳಿಸಿ ಸ್ಟೀರಿಯೋ ಬಿಟ್ಟು ಮೋನೋ ಮಾಡುತ್ತೆ, ಅಂದ್ರೆ ಎರಡೂ ಕಿವಿಗೆ ಒಂದೇ ಸದ್ದು. ಉಪಾಯ ಸುಲಭ, ಮೀಟಿಂಗ್ ಆ್ಯಪಿನ ಆಡಿಯೋ ಸೆಟ್ಟಿಂಗಲ್ಲಿ ಮೈಕ್ ಮಾತ್ರ ಲ್ಯಾಪ್‌ಟಾಪಿಂದು ಅಂತ ಆರಿಸಿ, ಸ್ಪೀಕರ್ ಇಯರ್‌ಬಡ್ಡಿಂದೇ ಇರ್ಲಿ. ಹಂಚಿನ ಮೇಲೆ ಜಡಿಮಳೆ ಹೊಯ್ತಿದ್ರೆ ಈ ಉಪಾಯ ಬೇಡ, ಲ್ಯಾಪ್‌ಟಾಪ್ ಮೈಕಿಗೆ ಮಳೆ ಬಿಟ್ರೆ ಬೇರೇನೂ ಕೇಳ್ಸಲ್ಲ, ಆಗ ವೈರಿನ ಇಯರ್‌ಫೋನೇ ಗತಿ. ನಾನು ಜೂನಿಂದ ಸೆಪ್ಟೆಂಬರ್ ತನಕ ವೈರಿಂದೇ.

ಕಾರು

ಹೊರಡೋಕೆ ಮುಂಚೆ ಅಂಗಳದಲ್ಲೇ ಪೇರ್ ಮಾಡ್ಕೊಳಿ, ತಿರುವಲ್ಲಿ ಫೋನ್ ತಡಕಾಡ್ಬೇಡಿ. ಸ್ಟೀರಿಯೋದ ಲಿಸ್ಟ್ ತುಂಬಿದ್ರೆ ಹೊಸ ಫೋನ್ ಸೇರಿಸ್ಕೊಳ್ಳಲ್ಲ, ಹಳೇವನ್ನ ಅಳಿಸಿ. ಬಾಡಿಗೆ ಕಾರಲ್ಲೋ ಭಾವನ ಕಾರಲ್ಲೋ ಹೋದ್ರೆ ಇಳಿಯುವಾಗ ಸ್ಟೀರಿಯೋದಿಂದ ನಿಮ್ಮ ಹೆಸ್ರು ಡಿಲೀಟ್ ಮಾಡಿ. ಒಂದ್ಸಲ ಸಾಗರದಲ್ಲಿ ಬಾಡಿಗೆ ಕಾರು ಹತ್ತಿದಾಗ ಸ್ಕ್ರೀನಲ್ಲಿ ಯಾರದ್ದೋ ಪೂರ್ತಿ ಫೋನ್‌ಬುಕ್ ಕೂತಿತ್ತು, "ಅಡಿಕೆ ಮಂಡಿ ಹೊಸ ನಂಬರ್", "ಸಾಲ ಕೊಟ್ಟವ" ಎಲ್ಲಾ.

ಫೈಲ್ ಕಳ್ಸೋಕೆ ಬೇಡ

ಒಂದೆರಡು ಫೋಟೋ ಪರ್ವಾಗಿಲ್ಲ. ಮದ್ವೆ ವಿಡಿಯೋ ಅಂದ್ರೆ ಬೇಡವೇ ಬೇಡ. ನಿಜಕ್ಕೆ ಸಿಗೋ ಸ್ಪೀಡು ಸೆಕೆಂಡಿಗೆ ಎರಡು ಮೆಗಾಬಿಟ್ ಆಸುಪಾಸು, ಒಂದು ಜಿಬಿ ಹೋಗೋಕೆ ಒಂದು ಗಂಟೆ ಮೇಲೆ ಬೇಕು. ಆಂಡ್ರಾಯ್ಡಲ್ಲಿ ಕ್ವಿಕ್ ಶೇರ್ ಬಳಸಿ, ಅದು ಪಕ್ಕದಲ್ಲಿ ಯಾರಿದಾರೆ ಅಂತ ಬ್ಲೂಟೂತಿಂದ ಹುಡ್ಕಿ, ಫೈಲನ್ನ ವೈಫೈ ಮೇಲೆ ನೇರ ಕಳ್ಸುತ್ತೆ, ಇದಕ್ಕೂ ಇಂಟರ್ನೆಟ್ ಬೇಡ. ಐಫೋನಿಗೆ ಆಂಡ್ರಾಯ್ಡಿಂದ ಬ್ಲೂಟೂತಲ್ಲಿ ಫೈಲ್ ಹೋಗಲ್ಲ, ಅರ್ಧ ಗಂಟೆ ಪೇರ್ ಮಾಡ್ತಾ ಕೂರ್ಬೇಡಿ.

ಮಳೆ, ಕಳ್ಳರು, ಬ್ಯಾಟ್ರಿ

ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತೆ, ಇಯರ್‌ಬಡ್ ಡಬ್ಬಿ ಬಿಡುತ್ತಾ. ಒಂದೇ ಕಿವಿ ಕೆಲ್ಸ ಮಾಡ್ತಿಲ್ಲ ಅಂದ್ರೆ ಎಷ್ಟೋ ಸಲ ಆ ಕಡೆಯ ಬಡ್ ಚಾರ್ಜೇ ಆಗಿರಲ್ಲ. ಡಬ್ಬಿಯೊಳಗಿನ ಹಿತ್ತಾಳೆ ಬಣ್ಣದ ಸಣ್ಣ ಪಿನ್ನು, ಬಡ್ಡಿನ ಬುಡದ ಚುಕ್ಕೆ, ಎರಡನ್ನೂ ಒಣ ಹತ್ತಿಯಿಂದ ಮೆಲ್ಲಗೆ ಒರೆಸಿ, ನನ್ನ ಕೈಲಿ ಇದರಲ್ಲೇ ಎರಡು ಜೊತೆ ಬದುಕಿದೆ. ಒದ್ದೆ ಆಗಿದ್ರೆ ಒರೆಸಿ ಗಾಳಿಗೆ ಇಡಿ, ಒದ್ದೆ ಬಡ್ಡನ್ನ ಡಬ್ಬಿಗೆ ಹಾಕಿ ಚಾರ್ಜ್ ಮಾಡ್ಬೇಡಿ. ಅಕ್ಕಿ ಡಬ್ಬಕ್ಕೆ ಹಾಕೋದು, ಬಚ್ಚಲ ಒಲೆ ಪಕ್ಕ ಇಡೋದು ಎರಡೂ ಬೇಡ, ಒಂದರಿಂದ ಹಿಟ್ಟು ಹೋಗಿ ತೂತು ಕಟ್ಟುತ್ತೆ, ಇನ್ನೊಂದರಿಂದ ಬ್ಯಾಟ್ರಿ ಸಾಯುತ್ತೆ. ಹೊಸ ಚಪ್ಪಲಿ ಪೆಟ್ಟಿಗೇಲಿ ಬರೋ ಸಿಲಿಕಾ ಜೆಲ್ ಚೀಟಿ ಇಟ್ಕೊಂಡಿರಿ, ಗಟ್ಟಿ ಮುಚ್ಚಳದ ಡಬ್ಬಕ್ಕೆ ಅದ್ರ ಜೊತೆ ಹಾಕಿಡಿ.

ಬಸ್‌ಸ್ಟ್ಯಾಂಡಲ್ಲಿ ಕೂತಾಗ ಗೊತ್ತಿಲ್ದ ಹೆಸ್ರಿಂದ ಪೇರಿಂಗ್ ರಿಕ್ವೆಸ್ಟೋ ಫೈಲೋ ಬಂದ್ರೆ ಬೇಡ ಅನ್ನಿ, ಅಷ್ಟೇ. 2017ರಲ್ಲಿ ಬ್ಲೂಬಾರ್ನ್ ಅಂತ ಒಂದು ಲೋಪ ಹೊರಗೆ ಬಂತು, ಅದರಲ್ಲಿ ಪೇರ್ ಮಾಡ್ದೇನೇ ಹತ್ರದ ಫೋನಿಗೆ ನುಗ್ಗೋಕೆ ಆಗ್ತಿತ್ತು, ಅಪ್ಡೇಟ್ ಕೊಟ್ಟು ಮುಚ್ಚಿದ್ರು. ಅಪ್ಡೇಟ್ ನಿಂತೋಗಿರೋ ತೀರಾ ಹಳೆ ಫೋನಾದ್ರೆ ಬೇಕಾದಾಗ ಮಾತ್ರ ಆನ್ ಮಾಡಿ. ಹೊಸ ಫೋನಲ್ಲಿ ಬ್ಯಾಟ್ರಿ ಉಳಿಸೋಕೆ ಅಂತ ಬ್ಲೂಟೂತ್ ಆಫ್ ಮಾಡೋದ್ರಿಂದ ಅಂಥಾ ಲಾಭ ಏನಿಲ್ಲ, ಸುಮ್ನೆ ಕೂತ ಬ್ಲೂಟೂತ್ ಕುಡಿಯೋದು ಬಹಳ ಕಮ್ಮಿ. ಟವರ್ ಹುಡುಕೋಕೆ ಫೋನ್ ಒದ್ದಾಡುತ್ತಲ್ಲ, ನಮ್ಮೂರಲ್ಲಿ ಬ್ಯಾಟ್ರಿ ತಿನ್ನೋದು ಅದು.

ಕೊನೇದು, ಹೆಸ್ರಿಡಿ

ಪಕ್ಕದ ಮನೆಯವ್ರದ್ದೂ ನಿಮ್ಮದೂ ಒಂದೇ ಮಾಡೆಲ್ ಆದ್ರೆ ಲಿಸ್ಟಲ್ಲಿ ಎರಡು ಒಂದೇ ಹೆಸ್ರು ಬರುತ್ತೆ. ಪೇರ್ ಆದ್ಮೇಲೆ ಅದೇ ಹಲ್ಲುಚಕ್ರದೊಳಗೆ ಪೆನ್ಸಿಲ್ ಗುರ್ತು ಇರುತ್ತೆ, ಒತ್ತಿ ನಿಮಗೆ ಬೇಕಾದ ಹೆಸ್ರು ಹಾಕಿ. ಇದು ನಿಮ್ಮ ಫೋನಲ್ಲಿ ಮಾತ್ರ ಬದಲಾಗೋದು, ಬೇರೆ ಫೋನಲ್ಲಿ ಹಳೆ ಹೆಸರೇ ಇರುತ್ತೆ.

ಅಪ್ಪಯ್ಯನ ಫೋನಲ್ಲಿ ಈ ಕೆಲ್ಸ ಅಣ್ಣನ ಮಗನಿಗೆ ವಹಿಸಿದ್ದೆ, ಮಾಡಿದ ತಪ್ಪಿಗೆ ಶಿಕ್ಷೆ ಅಂತ. ಅವ್ನು ನಮ್ಮ ಕೊಟ್ಟಿಗೆಯ ದನದ ಹೆಸ್ರಿಟ್ಟು ರಜ ಮುಗಿಸ್ಕೊಂಡು ಹೋದ. ಈಗ ಸಂಜೆಯಾದ್ರೆ ಜಗಲೀಲಿ ಕೂತು ಅಪ್ಪಯ್ಯ ಕೂಗ್ತಾರೆ, "ಏಯ್, ಗೌರಿ ಕನೆಕ್ಟ್ ಆಗ್ತಿಲ್ಲ ಕಣಾ, ಬಂದು ನೋಡು." ಹಾಲು ಕರೀತಾ ಇರೋ ಅಮ್ಮ ಕೊಟ್ಟಿಗೆಯಿಂದ್ಲೇ, "ಗೌರಿ ಇಲ್ಲೇ ಇದೆ" ಅಂತಾರೆ.